ಎಲೆಯನ್ನು ನಂಬಿದ ಅಣ್ಣ

ನಮ್ಮಣ್ಣನಿಗೆ ಸಿಟ್ಟು ಅನ್ನುವುದೇ ಇರಲಿಲ್ಲ. ಅವನ ಪಾಲಿನದೂ ಸೇರಿ ನನ್ನ ಮೂಗಿನ ತುದಿಯಲ್ಲೇ ಕೂತಿತ್ತು. ಸಂಶೋಧನಾ ತೋಟದಲ್ಲಿ ಅವನ ಕೆಲಸವೇನೆಂದರೆ ಪ್ಲಮ್ ಸಸಿಗಳಿಗೆ ಬೇಕಂತಲೇ ರೋಗ ಹಚ್ಚುವುದು. ಕೇಳಿದವರು ನಗುತ್ತಿದ್ದರು. ಎರಡು ಜಾತಿಯ ಹೂ ಕೂಡಿಸಿ, ಬೀಜ ಮೊಳೆಸಿ, ಪ್ರತಿ ಸಸಿಗೂ ವೈರಸ್ ತಗುಲಿದ ಮರದ ಕಣ್ಣನ್ನು, ಅಂದರೆ ಚಿಗುರುಮೊಗ್ಗಿರುವ ತೊಗಟೆಯ ಚೂರನ್ನು, ಕಸಿ ಕಟ್ಟುತ್ತಿದ್ದ. ಎಲೆಯಲ್ಲಿ ಹಳದಿ ಉಂಗುರ ಮೂಡಿದರೆ ಕಿತ್ತು ಸುಡುತ್ತಿದ್ದ, ರೋಗಕ್ಕೆ ಜಗ್ಗದ ಒಂದು ಸಸಿಯಾದರೂ ಸಿಗಲಿ ಅಂತ. ಹತ್ತೊಂಬತ್ತು ವರ್ಷಗಳಲ್ಲಿ ನಾಲ್ಕು ಸಾವಿರ ಸಸಿ ಸುಟ್ಟ. ಉಳಿದದ್ದು ಒಂದೇ ಮರ. ಒಂಬತ್ತು ವರ್ಷ ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಎಲೆಯ ಮೇಲೆ ಒಂದು ಚುಕ್ಕೆಯೂ ಬೀಳಲಿಲ್ಲ.

ಅಷ್ಟರಲ್ಲಿ ಅಕ್ಕಪಕ್ಕದ ತೋಟಗಳಿಗೆ ರೋಗ ಹತ್ತಿಕೊಂಡಿತ್ತು. ಗಂಡ ಸತ್ತ ಮೇಲೆ ನನಗೂ ಮಗಳಿಗೂ ನಮ್ಮ ಅರವತ್ತು ಪ್ಲಮ್ ಮರಗಳೇ ಅನ್ನ.

“ಆ ಮರದ ಕಣ್ಣು ನನ್ನ ಮರಗಳಿಗೆ ಕಟ್ಟಿಕೊಡಣ್ಣ, ರೋಗ ಹತ್ತದ ಕೊಂಬೆ ಬರಲಿ” ಅಂದೆ.

“ಇನ್ನೊಂದು ಪರೀಕ್ಷೆ ಬಾಕಿ ಇದೆ ಪುಟ್ಟಿ. ಪೀಚ್ ಸಸಿಗೆ ಇದರ ಕಣ್ಣು ಕಟ್ಟಿ ನೋಡಬೇಕು. ಒಳಗೆ ರೋಗ ಇದ್ರೆ ಪೀಚ್ ಎಲೆ ತೋರಿಸಿಬಿಡುತ್ತೆ. ಒಂದು ಬೇಸಿಗೆ ತಡಿ.”

“ಅಷ್ಟೊತ್ತಿಗೆ ನಾನು ಬೀದಿಗೆ ಬಿದ್ದಿರ್ತೀನಿ. ಒಂಬತ್ತು ವರ್ಷ ಎಲೆ ನೋಡಿದ್ದು ಸಾಲದಾ? ಒಡಹುಟ್ಟಿದವಳಿಗಿಂತ ನಿಯಮ ಹೆಚ್ಚಾಯ್ತಾ?”

ತಿಂಗಳುಗಟ್ಟಲೆ ಅವನ ತಲೆ ತಿಂದೆ. ಕೊನೆಗೆ ಆ ಮರದ ಕಣ್ಣಿರುವ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿ ತಂದ. ಅರವತ್ತು ಮರಕ್ಕೂ ತಾನೇ ಕಟ್ಟಿದ.

ಮರುವರ್ಷ ಕಸಿಯ ಚಿಗುರು ಹಸಿರಾಗಿಯೇ ಇತ್ತು. ಅರವತ್ತು ಮರದಲ್ಲೂ ಪಕ್ಕದ ಹಳೆಯ ಕೊಂಬೆಗಳಲ್ಲಿ ಉಂಗುರ ಮೂಡಿತು, ಕಾಯಿ ಬಲಿಯುವ ಮೊದಲೇ ಉದುರಿತು. ಅಣ್ಣ ಒಂದು ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಅವನ ಮರ ರೋಗವನ್ನು ಗೆದ್ದಿರಲಿಲ್ಲ. ಹೊರಗೆ ತೋರಿಸದೆ ಮೈಯೊಳಗೇ ಇಟ್ಟುಕೊಂಡಿತ್ತು, ಕಣ್ಣಿನ ಜೊತೆ ನನ್ನ ಮರಗಳಿಗೂ ದಾಟಿಸಿತ್ತು. ನನ್ನ ಮರಗಳನ್ನೂ ಆ ಮರವನ್ನೂ ಇಲಾಖೆಯವರು ಒಂದೇ ವಾರದಲ್ಲಿ ಕಡಿದರು.

ವಿಚಾರಣೆಗೆ ನಮ್ಮಿಬ್ಬರನ್ನೂ ನಿರ್ದೇಶಕರ ಕೋಣೆಗೆ ಕರೆದರು. ಪರೀಕ್ಷೆ ಮುಗಿಯದ ಮರವೆಂದು ಗೊತ್ತಿದ್ದೂ ಕಣ್ಣು ಕಟ್ಟಿಸಿಕೊಂಡವರಿಗೆ ಇಲಾಖೆ ಕಡಿದ ಮರಗಳ ಬದಲಿಗೆ ಹೊಸ ಸಸಿ ಕೊಡುವುದಿಲ್ಲ. ಅದು ಅಣ್ಣನಿಗೂ ಗೊತ್ತಿತ್ತು.

“ಕಣ್ಣು ಕೊಡು ಅಂತ ಯಾರು ಕೇಳಿದ್ರು?”

“ಯಾರೂ ಕೇಳಿಲ್ಲ ಸಾರ್. ಪರೀಕ್ಷೆ ಬಾಕಿ ಇರೋದು ತಂಗಿಗೆ ಗೊತ್ತೇ ಇರಲಿಲ್ಲ. ನಾನೇ ಕಟ್ಟಿದೆ.”

ನಿರ್ದೇಶಕರು ನನ್ನ ಕಡೆ ತಿರುಗಿದರು. “ಹೌದೇನಮ್ಮ?”

ಯಾರ ಮುಂದೆಯೂ ಬಾಯಿ ಮುಚ್ಚಿಕೊಂಡು ಕೂತವಳಲ್ಲ ನಾನು. ಮಗಳ ಮುಖ ನೆನಪಾಯಿತು. ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು.

“ಹೌದು ಸಾರ್, ಗೊತ್ತಿರಲಿಲ್ಲ” ಅಂದೆ.

ಅಣ್ಣ ಜೇಬಿನಿಂದ ಸಂಶೋಧನಾ ತೋಟದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ.