ಕಾಕುವಿನ ಸೂಟ್‌ಕೇಸ್ ತಂಬೂರಿ

ಕಳೆದ ವಾರ ಎದುರು ಫ್ಲ್ಯಾಟಿನವರು ತಮ್ಮ ಹಳೆಯ ಕಪಾಟಿಗೆ ಪಾಲಿಶ್ ಹೊಡೆಸಿದರು. ಅರಗು, ಸ್ಪಿರಿಟ್ಟು ಬೆರೆತ ಆ ಕಟು ವಾಸನೆ ಲಿಫ್ಟಿನವರೆಗೂ ಹರಡಿತ್ತು. ಬಿಲ್ಡಿಂಗಿನವರೆಲ್ಲ ಮೂಗು ಮುಚ್ಚಿಕೊಂಡು ಓಡಾಡಿದರೆ ನಾನು ಪ್ಯಾಸೇಜಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ತಲೆನೋವು ಬರುತ್ತದೆ ಎಂದು ಸೊಸೆ ಗದರಿದಳು. ಬಂದರೆ ಬರಲಿ ಎಂದೆ. ಆ ವಾಸನೆಯ ಹಿಂದೆಯೇ ಗಿರಗಾಂವಿನ ಚಾಳಿನ ನಮ್ಮ ಕಾಕು ಬಂದುಬಿಟ್ಟಿದ್ದರು…

ಕಾಕು ಎಂದರೆ ಚಿಕ್ಕಮ್ಮ, ಚಾಳಿನವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಹುಬ್ಬಳ್ಳಿಯವರು, ನಮ್ಮ ಪಕ್ಕದ ಖೋಲಿಯಲ್ಲಿ ಒಬ್ಬರೇ ಇದ್ದರು. ನಾನು ಉಡುಪಿ ಕಡೆಯಿಂದ ಮದುವೆಯಾಗಿ ಬಂದ ಹೊಸತು. ಗಂಡ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು, ನಾನು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಕಾಕುವಿನ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಕೇಳಿದರೆ ಅವರಿಗೆ ನಗು. ಅವರ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಾಂದ್ರಾ, ಪಾರ್ಲೆ, ಗೋರೆಗಾಂವ್ ಎಂದು ಮನೆಮನೆಗೆ ಹೋಗಿ ಸಂಗೀತ ಕಲಿಸುವುದೇ ಅವರ ಬದುಕು. ಹೋದಲ್ಲೆಲ್ಲ ತಂಬೂರಿ ಹೊತ್ತೇ ಹೋಗಬೇಕು. ಶ್ರುತಿಗೆ ಹಾರ್ಮೋನಿಯಂ ಸಾಲದೇ ಎಂದು ಯಾರಾದರೂ ಕೇಳಿದರೆ ಮುಗಿಯಿತು, ಆ ಮನೆಯ ಚಹಾ ಕೂಡ ಮುಟ್ಟುತ್ತಿರಲಿಲ್ಲ.

ಒಂದು ಸಂಜೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ನೂಕುನುಗ್ಗಲಿನಲ್ಲಿ ತಂಬೂರಿಯ ಬುರುಡೆ ಒಡೆದೇ ಹೋಯಿತು. ಸೆರಗಿನಲ್ಲಿ ಚೂರುಗಳನ್ನು ಕಟ್ಟಿಕೊಂಡು ಬಂದರು. ಹೊಸ ತಂಬೂರಿ ತಂದರೂ ಅದೇ ಲೋಕಲ್ಲು, ಅದೇ ಜನ. ಅಷ್ಟರಲ್ಲಿ ಎರಡು ಮನೆಯವರು, ಪಾರ್ಲೆಯಲ್ಲಿ ಹಾರ್ಮೋನಿಯಂ ಹಿಡಿದುಕೊಂಡು ಕಲಿಸುವ ಮಾಸ್ತರರು ಸಿಗುತ್ತಾರೆ ಎಂದು ಹೇಳಿಯೂ ಆಗಿತ್ತು. ನೀವೂ ಒಂದು ಹಾರ್ಮೋನಿಯಂ ಇಟ್ಟುಕೊಳ್ಳಿ, ಪಾಠ ಉಳಿಯುತ್ತದಲ್ಲ ಎಂದೆ ನಾನು.

“ತಂಬೂರಿ ಇಲ್ಲದ ಪಾಠ ನಂಗ ಬ್ಯಾಡ,” ಅಂದರು ಕಾಕು. “ಹಂಗ ಕಲಸೂದಕ್ಕಿಂತ ನಿನ್ನ ಜೋಡಿ ಕಾಜಾ ಹೊಲಕೋತ ಕೂಡ್ತೀನಿ.”

ನನ್ನ ಕಸುಬಿಗೆ ಇಷ್ಟೇ ಮರ್ಯಾದೆ! ಸಿಟ್ಟು ಬಂತು, ಆದರೆ ಅವರು ಆಗಲೇ ಬೇರೇನೋ ಯೋಚಿಸುತ್ತಿದ್ದರು. ಅವರು ಚಿಕ್ಕವರಿದ್ದಾಗ ಊರಿಗೆ ಬರುತ್ತಿದ್ದ ಕೀರ್ತನೆಯ ದಾಸರ ಬಳಿ ಬುರುಡೆಯೇ ಇಲ್ಲದ, ಹಲಗೆಯಂಥ ಚಪ್ಪಟೆ ತಂಬೂರಿ ಇತ್ತಂತೆ. ಬಗಲಲ್ಲಿ ಇಟ್ಟುಕೊಂಡು ಊರೂರು ತಿರುಗುತ್ತಿದ್ದರಂತೆ. ಅದನ್ನೂ, ಹಾಡುಗಾರರು ತೊಡೆಯ ಮೇಲಿಟ್ಟು ಮೀಟುವ ಸ್ವರಮಂಡಲವನ್ನೂ ಸೇರಿಸಿ ಒಂದು ಮಾಡಿದರೆ? ಸೂಟ್‌ಕೇಸಿನಷ್ಟು ಪೆಟ್ಟಿಗೆ, ಅದರ ಮೇಲೆ ಸ್ವರಮಂಡಲದ ಸಾಲುತಂತಿಗಳು, ಒಂದು ಅಂಚಿನಿಂದ ಏಳುವ ತಂಬೂರಿಯ ಕತ್ತು. ಆ ಕತ್ತಿಗೆ ಹಿತ್ತಾಳೆಯ ಕೀಲು. ತಂತಿ ಸಡಿಲಿಸಿ ಮಡಿಸಿದರೆ ಬ್ಯಾಗು, ಬಿಚ್ಚಿ ಬಿಗಿದರೆ ವಾದ್ಯ.

ಮರುದಿನವೇ ನೂಲು ಹಿಡಿದು ಲೋಕಲ್ ಹತ್ತಿ, ಸಾಮಾನು ಇಡುವ ಹಲಗೆಯ ಅಳತೆ ತಂದರು. ಕೆಳಗಿನ ಖೋಲಿಯಲ್ಲಿದ್ದ ಗುಜರಾತಿ ಬಡಗಿಗೆ ಕಿಟಕಿ ಚೌಕಟ್ಟು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಇದು ಬಾಜಾನೋ ಬ್ಯಾಗೋ ಎಂದು ಕೇಳಿ ಬೈಸಿಕೊಂಡ. ಇಬ್ಬರೂ ಹಿಂದಿ, ಮರಾಠಿ, ಕನ್ನಡ ಕಲಸಿ ಜಗಳವಾಡುತ್ತಾ ಮಳೆಗಾಲವಿಡೀ ಅದನ್ನೇ ಕೆತ್ತಿದರು. ನನ್ನ ಗಂಡನ ಹಳೆಯ ಖಾಕಿ ಪ್ಯಾಂಟು ಹರಿದು ನಾನು ಗವಸು ಹೊಲಿದೆ. ಕಾಕು ಗ್ಯಾಲರಿಯಲ್ಲಿ ಕೂತು ತಾವೇ ಅರಗಿನ ಪಾಲಿಶ್ ಕೊಟ್ಟರು. ಚಾಳಿಗೆ ಚಾಳೇ ಕೆಮ್ಮಿತು.

ಮೊದಲ ಸಲ ಮೀಟಿದಾಗ ಬಂದ ನಾದ… ಅಬ್ಬ, ಇಡೀ ಖೋಲಿ ಗುಂಯ್‌ಗುಟ್ಟಿತು. ಕೆಳಮಾಳಿಗೆಯವರು ಹತ್ತಿ ಬಂದು, ನಮ್ಮ ಹಲಗೆಯ ಮೇಲಿನ ತಾಟು ಲೋಟಗಳೆಲ್ಲ ಅದುರುತ್ತಿವೆ ಎಂದು ದೂರಿದರು. ಕಾಕು ಅವರ ಕೈಗೆ ಪೇಢಾ ಇಟ್ಟು ಕಳಿಸಿದರು.

ಆಮೇಲೆ ಬಾಂದ್ರಾ. ಹೊಸ ಬಿಲ್ಡಿಂಗು, ಮೊಸಾಯಿಕ್ ನೆಲ. ಹೊಸ ವಾದ್ಯ ನೋಡಲೆಂದು ಮನೆಮಂದಿಯೆಲ್ಲ ಸೇರಿದ್ದರು. ಕಾಕು ಪೆಟ್ಟಿಗೆ ಬಿಚ್ಚಿ ನೆಲಕ್ಕೆ ಊರಿ ಶ್ರುತಿ ಮಾಡಿ ಮೀಟಿದರೆ ಸೊಳ್ಳೆಯ ಸದ್ದು! ಜೊತೆಗೆ ಹೋಗಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಮನೆಯಾಕೆ ಮೆತ್ತಗೆ, ಸೋಮವಾರದಿಂದ ಮಾಸ್ತರರನ್ನು ಕರೆಸಲೇ ಎಂದು ಕೇಳಿದರು. ಕಾಕು ಎರಡು ದಿನದ ಅವಕಾಶ ಕೇಳಿ ಎದ್ದರು. ದಾರಿಯುದ್ದಕ್ಕೂ ಅತ್ತವಳು ನಾನು, ಅವರಲ್ಲ.

ಮನೆಗೆ ಬಂದು ಹಾಸಿಗೆಯ ಮೇಲಿಟ್ಟು ಮೀಟಿದರು. ಸದ್ದಿಲ್ಲ. ನೆಲದ ಮೇಲಿಟ್ಟರು. ಮತ್ತೆ ಗುಂಯ್! ನನಗೆ ಮೀಟಲು ಹೇಳಿ, ತಾವು ನೆಲಕ್ಕೆ ಕಿವಿಯಿಟ್ಟು ಕೇಳಿದರು, ಆಮೇಲೆ ಅಂಗಾತ ಬೀಳುವಷ್ಟು ನಕ್ಕರು.

“ಏ ಹುಡುಗಿ, ಹಾಡಿದ್ದು ಪೆಟ್ಟಿಗಿ ಅಲ್ಲ. ನಮ್ಮ ನೆಲಾ.”

ಹಳೆಯ ಚಾಳು ನೋಡಿ, ನಮ್ಮ ಮಾಳಿಗೆಗಳ ನೆಲವೆಲ್ಲ ಮರದ ಹಲಗೆ. ಅದರ ಮೇಲೇ ಉಂಡು ಮಲಗುವ ನಮಗೆ ಅದು ಹೊಳೆದೇ ಇರಲಿಲ್ಲ. ಚಪ್ಪಟೆ ಪೆಟ್ಟಿಗೆಗೆ ಬುರುಡೆ ಇಲ್ಲದ ಕೊರತೆಯನ್ನು ಇಡೀ ಚಾಳು ತುಂಬಿಕೊಡುತ್ತಿತ್ತು.

ಅಂದಿನಿಂದ ಕಾಕು ಯಾರ ಮನೆಗೆ ಹೋದರೂ ಮೊದಲು ಸಾಮಾನು ತಟ್ಟಿ ನೋಡುತ್ತಿದ್ದರು, ಸಂತೆಯಲ್ಲಿ ತೆಂಗಿನಕಾಯಿ ತಟ್ಟಿದ ಹಾಗೆ. ಬಾಂದ್ರಾದಲ್ಲಿ ಊಟದ ಮೇಜು ನುಡಿಯಿತು, ಪಾಠ ಉಳಿಯಿತು. ಪಾರ್ಲೆಯಲ್ಲಿ ಹಾಸಿಗೆ ತುಂಬಿಡುವ ಮರದ ಪೆಟಾರಿ. ಗೋರೆಗಾಂವಿನಲ್ಲಿ ಮಾತ್ರ ಫಜೀತಿ. ಅಲ್ಲಿದ್ದದ್ದು ಬಿಜಾಪುರ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಗವಂಡಿಯೊಬ್ಬನ ಒಂದೇ ಖೋಲಿಯ ಮನೆ. ಅವನ ಮಗಳು ಕಟ್ಟಡದ ಕೆಲಸದ ಹತ್ತಿರ ಹಾಡಿಕೊಳ್ಳುತ್ತಿದ್ದುದನ್ನು ಕೇಳಿ, ಕಾಕು ತಾವಾಗಿಯೇ ಹುಡುಕಿಕೊಂಡು ಹೋಗಿ ಕಲಿಸುತ್ತಿದ್ದರು. ಆ ಮನೆಯಲ್ಲಿ ಮರ ಅಂತ ಇದ್ದದ್ದು ಬಾಗಿಲು ಒಂದೇ. ಎಲ್ಲೋ ಕೆಡವಿದ ಮನೆಯದ್ದು, ಸಾಗವಾನಿಯದು. ಕಾಕು ಅದನ್ನು ಮುಚ್ಚಿ, ಪೆಟ್ಟಿಗೆ ಒರಗಿಸಿ ಮೀಟಿದರು. ಅಂಥ ನಾದ ನಮ್ಮ ಚಾಳಿನಲ್ಲೂ ಬಂದಿರಲಿಲ್ಲ.

ತೊಂದರೆ ಒಂದೇ, ಪಾಠ ಮುಗಿಯುವ ತನಕ ಯಾರೂ ಒಳಹೊರಗೆ ಓಡಾಡುವ ಹಾಗಿಲ್ಲ. ಕೆಲಸ ಮುಗಿಸಿ ಸಿಮೆಂಟಿನ ಮೈಯಲ್ಲಿ ಬಂದ ಗವಂಡಿ ತನ್ನದೇ ಮನೆಯ ಹೊರಗೆ ಕಾಯಬೇಕಿತ್ತು. ಪಾಪ ಬೈದುಕೊಳ್ಳುತ್ತಾನೇನೋ ಎಂದು ನನಗೆ ಅಳುಕು. ಒಂದು ದಿನ ಪಾಠ ಮುಗಿದು ತೆರೆದರೆ, ಅವನು ಹೊರಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತಿದ್ದವನು ಹಿಂದಕ್ಕೆ ಬೀಳುವುದರಲ್ಲಿದ್ದ. ಯಾಕೆ ನಿಲ್ಲಿಸಿದಿರಿ ಎಂದು ನಮ್ಮನ್ನೇ ಕೇಳಿದ.

ಕಾಕು ಕೆಲವು ವರ್ಷ ಹಾಗೇ ರಾಣಿಯ ಹಾಗೆ ತಿರುಗಾಡಿದರು. ಆಮೇಲೆ ಒಂದು ಜ್ವರ ಬಂತು… ಅಷ್ಟೇ. ವಾದ್ಯ ಗವಂಡಿಯ ಮಗಳಿಗೆ ಎಂದು ಮೊದಲೇ ಹೇಳಿದ್ದರು.

ಶಿಷ್ಯರ ಮನೆಯವರೆಲ್ಲ ಸೇರಿ ಪಾರ್ಲೆಯ ಒಂದು ಸಭಾಗೃಹದಲ್ಲಿ ಶೋಕಸಭೆ ಇಟ್ಟರು. ಆ ಹುಡುಗಿ ಹಾಡಬೇಕು. ಪೆಟ್ಟಿಗೆ ಬಿಚ್ಚಿ ಕೂತರೆ ಸಿಮೆಂಟ್ ನೆಲ, ಕಬ್ಬಿಣದ ಕುರ್ಚಿ, ಕಲ್ಲಿನ ವೇದಿಕೆ. ಯಾರೋ ಹಾರ್ಮೋನಿಯಂ ತಂದಿಟ್ಟರು. ಹುಡುಗಿ ಅದರತ್ತ ತಿರುಗಲಿಲ್ಲ. ಅಪ್ಪ ಬರುತ್ತಾನೆ ಎಂದಷ್ಟೇ ಹೇಳಿ ತಲೆ ತಗ್ಗಿಸಿ ಕೂತಳು. ಜನ ಗಡಿಯಾರ ನೋಡತೊಡಗಿದರು. ನನಗೂ ಧೈರ್ಯ ಹೋಗುತ್ತಿತ್ತು.

ಆಗ ಗವಂಡಿ ಬಂದ, ತಲೆಯ ಮೇಲೆ ತನ್ನ ಮನೆಯ ಬಾಗಿಲು ಹೊತ್ತುಕೊಂಡು. ಕೀಲು ಕಳಚಿ, ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಗೋರೆಗಾಂವಿನಿಂದ ತಂದಿದ್ದ. ನಾಲ್ಕು ಇಟ್ಟಿಗೆಯ ಮೇಲೆ ಅದನ್ನು ಮಲಗಿಸಿ, ಮಗಳನ್ನೂ ಪೆಟ್ಟಿಗೆಯನ್ನೂ ಅದರ ಮೇಲೆ ಕೂರಿಸಿದ. ಅವಳು ಮೀಟಿದಳು. ಇಡೀ ಸಭಾಗೃಹ ನಾದದಿಂದ ತುಂಬಿತು. ಅವಳು ಹಾಡಿ ಮುಗಿಸುವವರೆಗೆ ನಾನು ಸೆರಗು ಕಚ್ಚಿಕೊಂಡಿದ್ದೆ, ಆಮೇಲೆ ತಡೆಯಲಿಲ್ಲ.

ಹೊರಡುವಾಗ ಬಾಂದ್ರಾದ ಆ ಮನೆಯಾಕೆ, ಮನೆಗೆ ಬಾಗಿಲಿಲ್ಲದೆ ಹಾಗೇ ಬಿಟ್ಟು ಬಂದಿರಾ ಎಂದು ಗಾಬರಿಯಾಗಿ ಕೇಳಿದರು.

“ಮನ್ಯಾಗ ಕದಿಯೂವಂಥಾದ್ದು ಏನೈತ್ರೀ,” ಅಂದ ಗವಂಡಿ, ಮಗಳ ಕಡೆ ನೋಡಿ. “ಇದ್ದದ್ದು ಇಲ್ಲೇ ಕುಂತೈತಿ.”

ಆ ಹುಡುಗಿಗೂ ಈಗ ಮೊಮ್ಮಕ್ಕಳು. ಮೊಬೈಲಿನಲ್ಲಿ ಶ್ರುತಿ ಹಚ್ಚಿಕೊಂಡು ಪಾಠ ಹೇಳುತ್ತಾಳೆ. ಪೆಟ್ಟಿಗೆಯ ಕತ್ತು ಮುರಿದಿದೆಯಂತೆ, ರಿಪೇರಿಗೆ ಒಯ್ದರೆ ಇದು ಯಾವ ವಾದ್ಯ ಎಂದು ಅಂಗಡಿಯವರೇ ಕೇಳುತ್ತಾರಂತೆ. ಮೊನ್ನೆ ಫೋನಿನಲ್ಲಿ, ನಿನ್ನ ಮೊಬೈಲ್ ತಂಬೂರಿ ಕೇಳಿದ್ದರೆ ಕಾಕು ಏನು ಬೈಯುತ್ತಿದ್ದರೋ ಎಂದು ಕೆಣಕಿದೆ. ಅವರಂತೆಯೇ ಬೈದು ತೋರಿಸಲು ಇಬ್ಬರೂ ಹೊರಟೆವು. ಮಾತು ನೆನಪಿತ್ತು, ಆ ದನಿ ಇಬ್ಬರಿಗೂ ಬರಲಿಲ್ಲ…