ಅಕ್ಕನಿಗೆ ನಾನು ಕೊಟ್ಟ ಗುಳಿಗೆ

‘ಯಾವ ಗುಳಿಗಿ ಕೊಟ್ಟೀರಿ?’

ಕಲಬುರಗಿಯ ಡಾಕ್ಟರ್ ಕೇಳಿದ್ದು ಇದೊಂದೇ ಪ್ರಶ್ನೆ. ಜೇಬಿನಿಂದ ಸ್ಟ್ರಿಪ್ ತೆಗೆದು ತೋರಿಸಿದೆ. ಅವರು ಓದಿದರು. ವಾಪಸ್ ಕೊಡದೆ ಕೇಸ್ ಶೀಟಿಗೆ ಸಿಕ್ಕಿಸಿಕೊಂಡರು. ಅಷ್ಟರಲ್ಲೇ ನನಗೆ ಎಲ್ಲ ತಿಳಿದುಹೋಯಿತು.

ನನ್ನ ಅಕ್ಕ ಗೌರಮ್ಮ ಸುರಪುರದಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಮದುವೆ ಮನೆಗಳಿಗೂ ಅವಳ ರೊಟ್ಟಿಯೇ ಬೇಕು. ದಿನವಿಡೀ ಬಡಿದರೆ ಭುಜ ಏನಾಗಬೇಕು? ಮೊನ್ನೆ ಚಳಿಗಾಲದಲ್ಲಿ ಬಲಗೈ ಮೇಲೆತ್ತಲೂ ಆಗದಂತಾಯಿತು.

ನನ್ನ ಹತ್ತಿರ ಅನಾಲ್ಜಿನ್ ಗುಳಿಗೆ ಅರ್ಧ ಸ್ಟ್ರಿಪ್ ಉಳಿದಿತ್ತು. ಹಲ್ಲುನೋವಿಗೆ ತಂದದ್ದು. ‘ತೊಗೋ, ಆರಾಮ ಆಗ್ತದ’ ಎಂದೆ. (ವಾರವಾರ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವವನಲ್ಲವೇ? ಅಕ್ಕನಿಗೆ ಹೇಳದೇ ಇರುತ್ತೇನೆಯೇ?)

ಮರುದಿನವೇ ಫೋನ್. ‘ತಮ್ಮಾ, ಭಾರಿ ಚಲೋ ಅದನೋ ಇದು! ಭುಜ ಅನ್ನೋದು ಅದನೋ ಇಲ್ಲೋ ಅನಸ್ತದ. ಇನ್ನೊಂದಿಷ್ಟು ತಂದು ಕೊಡು.’

ನಾನಿರುವ ಶಹಾಪುರದ ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿದೆ, ಕೊಟ್ಟರು. ಡಾಕ್ಟರ್ ಚೀಟಿ ಅವರು ಕೇಳಲಿಲ್ಲ, ನಾನು ತೋರಿಸಲೂ ಇಲ್ಲ.

ಮೂರನೇ ವಾರ ಮತ್ತೆ ಫೋನ್. ದನಿ ಬಿದ್ದುಹೋಗಿತ್ತು. ‘ಗಂಟಲು ಬ್ಯಾನಿ ಆಗ್ಯದ. ಉಗುಳು ನುಂಗಾಕ ಬರವಲ್ದು. ಮೈ ಸುಡಾಕತ್ತದ.’

ನಾನು ಏನೆಂದೆ ಗೊತ್ತೇ? ‘ಅದಽ ಗುಳಿಗಿ ಇನ್ನೆರಡು ಜಾಸ್ತಿ ತೊಗೋ. ಜ್ವರಕ್ಕೂ ಬರ್ತದ.’

ತೊಗೊಂಡಳು. ತಮ್ಮ ಹೇಳಿದ ಮೇಲೆ ಮುಗಿಯಿತು.

ಎರಡು ದಿನ ಬಿಟ್ಟು ನಾನು ಹೋದಾಗ ಬಾಯಿತುಂಬ ಹುಣ್ಣು. ಅಂದೇ ಕಲಬುರಗಿಗೆ ಒಯ್ದೆವು. ಬಿಳಿ ರಕ್ತಕಣಗಳು ಹೆಚ್ಚುಕಡಿಮೆ ಖಾಲಿಯಾಗಿವೆ ಎಂದರು ಡಾಕ್ಟರ್. ರೋಗದ ಎದುರು ಹೊಡೆದಾಡುವ ಕಣಗಳವು. ‘ಅಪರೂಪಕ್ಕ ಕೆಲವರಿಗೆ ಈ ಔಷಧ ಹಿಂಗ ಮಾಡ್ತದ್ರಿ. ಗಂಟಲು ನೋವು, ಜ್ವರ ಬಂದ ಕೂಡಲೇ ನಿಲ್ಲಿಸಬೇಕಿತ್ತು.’

ನಾನು ಹೆಚ್ಚಿಸಿದ್ದೆ.

ಐದನೇ ದಿನ ಅಕ್ಕ ಹೋದಳು. ಕೊನೆಯವರೆಗೂ ಅವಳಿಗೆ ನನ್ನ ಮೇಲೆ ಅನುಮಾನ ಬರಲಿಲ್ಲ. ‘ನೀ ಇದ್ದಿ ಅಂತ ಇಲ್ಲಿತನ ಬಂದೆ’ ಎಂದಿದ್ದಳು.

ಆಮೇಲೆ ಓದಿದೆ. ಇದು ನೂರು ವರ್ಷದಷ್ಟು ಹಳೆಯ ಔಷಧ, ಜರ್ಮನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ನೋವಿಗೂ ಜ್ವರಕ್ಕೂ ಒಂದೇ ಗುಳಿಗೆ ಎಂದು ಜಗತ್ತೆಲ್ಲ ನುಂಗಿತು. ರಕ್ತದ ತೊಂದರೆ ಗೊತ್ತಾದ ಮೇಲೆ ಅಮೆರಿಕದಂಥ ದೇಶಗಳು ಕೈಬಿಟ್ಟವು. ಕೆಲವು ದೇಶಗಳು ಚೀಟಿ ಮೇಲೆ ಮಾತ್ರ ಕೊಡುತ್ತವೆ. ನಮ್ಮಲ್ಲಿ ಒಮ್ಮೆ ಮಾರಾಟ ತಡೆದರು, ವರ್ಷ ತುಂಬುವ ಮೊದಲೇ ‘ಬೇರೆ ಔಷಧ ನಾಟದಿದ್ದರೆ ಮಾತ್ರ’ ಎಂಬಂಥ ಷರತ್ತು ಹಾಕಿ ಮತ್ತೆ ಬಿಟ್ಟರು. ಷರತ್ತು ಎಲ್ಲಿದೆ? ಪೊಟ್ಟಣದ ಮೇಲೆ, ಇಂಗ್ಲಿಷಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ಕನ್ನಡದಲ್ಲಿದ್ದರೆ ಓದುತ್ತಿದ್ದೆನೇ? ಇಲ್ಲ ಅನ್ನಿಸುತ್ತದೆ.

ಕಳೆದ ವಾರ ಅದೇ ಅಂಗಡಿಗೆ ಹೋಗಿ ಕೂಗಾಡಿದೆ. ಅಂಗಡಿಯವರು ದನಿ ಏರಿಸಲಿಲ್ಲ. ‘ಸರ್, ನಾ ನಿಮ್ಮ ಮನಿಗಿ ಬಂದು ಕೊಟ್ಟೇನೇನ್ರಿ? ಹೆಸರು ಹೇಳಿದವ್ರು ನೀವಽ ಅಲ್ರಿ?’



ಅಷ್ಟರಲ್ಲಿ ಹತ್ತಿ ಬಿಡಿಸಲು ಹೊರಟ ಹೆಂಗಸೊಬ್ಬರು ಬಂದು, ಖಾಲಿ ಸ್ಟ್ರಿಪ್ ಚಾಚಿ ‘ಇದಽ ಕೊಡ್ರಿ’ ಎಂದರು. ಅನಾಲ್ಜಿನ್ ಗುಳಿಗೆಯೇ. ತಡೆದೆ. ಅಕ್ಕನ ಕಥೆಯನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿದರು, ಪಾಪ, ಕಣ್ಣಲ್ಲಿ ನೀರನ್ನೂ ತಂದುಕೊಂಡರು.

‘ಮೊದ್ಲು ಡಾಕ್ಟರ್‌ಗೆ ತೋರಸ್ರಿ’ ಎಂದೆ.

‘ಹೊಲಕ್ಕ ಹೋಗೋ ಜೀಪ ಕಾಯಾಕತ್ತದ್ರಿ. ಸೊಂಟ ನೆಟ್ಟಗ ಆಗವಲ್ದು. ಇದು ಬ್ಯಾಡಂದ್ರ ನಾ ಮತ್ತ್ಯಾವುದು ತೊಗೊಳ್ಲಿ? ನೀವು ಓದಿದವ್ರು, ನೀವಽ ಒಂದು ಹೆಸರು ಹೇಳ್ರಿ.’

ಹೇಳಿ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?