ಕೊಲೆಗಾರನನ್ನು ಕರೆದುಕೊಂಡು ಹುಕ್ಕೇರಿಗೆ

ಮೂಡಲಗಿಯಿಂದ ನಾವು ಹೊರಟಿದ್ದು ಮಧ್ಯಾಹ್ನದ ಬಸ್ಸಿಗೆ. ನಾವು ಅಂದರೆ ನಾನು, ಮತ್ತು ಏಳು ಕೊಲೆ ಮಾಡಿದ ಪಾರಿಸಪ್ಪ ಕಾಕಾ.

ಗಾಬರಿ ಬೇಡ. ಕಾಕಾ ಕೊಲೆ ಮಾಡಿದ್ದು ನನ್ನ ಸಿನಿಮಾದಲ್ಲಿ. ನಾನು ಹೈಸ್ಕೂಲಿನ ಕನ್ನಡ ಶಿಕ್ಷಕಿ. ಹಳೆಯ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಇಬ್ಬರು ಪತ್ತೇದಾರರು ಸರಣಿ ಕೊಲೆಗಾರನನ್ನು ಬೆನ್ನಟ್ಟುವ ಕಥೆಯೊಂದನ್ನು ಮೊಬೈಲಿನಲ್ಲೇ ಚಿತ್ರಿಸಿ ಯೂಟ್ಯೂಬಿಗೆ ಹಾಕಿದ್ದೆ. ಕೊಲೆಗಾರನಿಗೆ ಊರಿನಲ್ಲೇ ಅತಿ ಸೌಮ್ಯವಾದ ಮುಖ ಬೇಕಿತ್ತು. ಕಿರಾಣಿ ಅಂಗಡಿಯ ಪಾರಿಸಪ್ಪ ಕಾಕಾ ಜೈನರು, ಇರುವೆ ಕಂಡರೂ ಕಾಲೆತ್ತಿ ದಾಟುವವರು. ಒಪ್ಪುವಾಗ ಒಂದೇ ಷರತ್ತು ಹಾಕಿದ್ದರು: “ಖೂನಿ ಎಷ್ಟ ಬೇಕಾದ್ರೂ ಮಾಡ್ತೀನ್ರಿ ಅಕ್ಕೋರ, ಹೊತ್ತ ಮುಳಗಿದ ಮ್ಯಾಲ ಮಾತ್ರ ಉಣ್ಣಂಗಿಲ್ಲ.” ಹಾಗಾಗಿ ಕೊಲೆ ಮುಗಿಸಿ ಕತ್ತಲಲ್ಲಿ ಕೂತು ಮಿರ್ಚಿ ಭಜಿ ತಿನ್ನುವ ದೃಶ್ಯವನ್ನು ಮಟಮಟ ಮಧ್ಯಾಹ್ನ, ಕಿಟಕಿಗೆ ಗೋಣಿಚೀಲ ಕಟ್ಟಿ ತೆಗೆದಿದ್ದೆವು.

ಊರಿಗೆ ಊರೇ ಹೊಗಳಿತು. ಆದರೆ ಹುಕ್ಕೇರಿಯಲ್ಲಿರುವ ಅವರ ಆರು ವರ್ಷದ ಮೊಮ್ಮಗಳು ಶ್ರೇಯಾ ಸಿನಿಮಾ ನೋಡಿದ್ದೇ ತಡ, ಅಜ್ಜನ ಫೋನು ಬಂದರೆ ಚೀರತೊಡಗಿದಳು. ಕಾಕಾ ಸೊರಗಿಹೋದರು. ಸಕ್ಕರೆ ಕೇಳಿದವರಿಗೆ ಉಪ್ಪು ಕಟ್ಟಿಕೊಟ್ಟರು. “ನೀವ ಬಂದ ಹೇಳ್ರಿ, ಅದು ಸುಳ್ಳ ಅಂತ,” ಎಂದು ನನ್ನ ಮನೆ ಬಾಗಿಲಿಗೆ ಬಂದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಬಸ್ಸಿನಲ್ಲಿ ಹೆಂಗಸೆಂದು ನನಗೆ ಶೂನ್ಯ ಟಿಕೆಟ್. ಕಾಕಾಗೆ ಟಿಕೆಟ್ ಹರಿಯುತ್ತ ಕಂಡಕ್ಟರ್ ನಕ್ಕ: “ಕಾಕಾ, ಇವತ್ತ ಯಾರ್ದ ಪಾಳಿರಿ?” ಬೇರೆ ದಿನವಾದರೆ ಕಾಕಾ ಮೀಸೆ ತಿರುವುತ್ತಿದ್ದರು. ಇವತ್ತು ಟಿಕೆಟ್ ಜೇಬಿಗೆ ತುರುಕಿ ಕಿಟಕಿಯ ಕಡೆ ತಿರುಗಿಬಿಟ್ಟರು.

ಗೋಕಾಕದಲ್ಲಿ ಇಳಿದು ಮೊಮ್ಮಗಳಿಗೆಂದು ಕರದಂಟು ಮಿಠಾಯಿ ಕಟ್ಟಿಸಿಕೊಂಡು ಬೇರೆ ಬಸ್ಸು ಹಿಡಿದೆವು. ಅಂಗಡಿಯವನು ರುಚಿಗೆಂದು ಕೊಟ್ಟ ತುಂಡನ್ನೂ ಕಾಕಾ ಪೊಟ್ಟಣಕ್ಕೇ ಸೇರಿಸಿದರು. ಘಟಪ್ರಭೆಯ ಆಚೆ ಕಬ್ಬಿನ ಟ್ರೇಲರೊಂದು ರಸ್ತೆಗಡ್ಡ ಮಗುಚಿತ್ತು. ಬಸ್ಸು ನಿಂತಿತು. ಚಳಿಗಾಲದ ದಿನ, ಬೇಗ ಕತ್ತಲಾಗುತ್ತದೆ. ಇಲ್ಲೇ ಏನಾದರೂ ತಿನ್ನಿ ಎಂದೆ. “ಆಕಿ ಜೋಡಿನ ಉಣ್ತೀನ್ರಿ,” ಎಂದರು.

ಹುಕ್ಕೇರಿ ಮುಟ್ಟಿದಾಗ ಬಿಸಿಲು ಮಾಳಿಗೆಗಳ ಮೇಲೆ ಮಾತ್ರ ಉಳಿದಿತ್ತು. ಮಗಳು ಪದ್ಮಾ ಬಾಗಿಲಲ್ಲೇ ಕಾಯುತ್ತಿದ್ದಳು. “ಅಪ್ಪಾ, ಲಗೂನ ಕೈಕಾಲ ತೊಳಕೊ, ತಾಟ ಹಚ್ಚೀನಿ.” ಅಷ್ಟರಲ್ಲಿ ಒಳಕೋಣೆಯ ಅಗಳಿ ಬಿದ್ದ ಸದ್ದಾಯಿತು.

ಕಾಕಾ ಊಟಕ್ಕೆ ಹೋಗಲಿಲ್ಲ. ಆ ಕೋಣೆಯ ಹೊಸ್ತಿಲ ಮೇಲೆ ಕರದಂಟಿನ ಪೊಟ್ಟಣ ಬಿಚ್ಚಿಟ್ಟು, ಎದುರಿಗೆ ಚಕ್ಕಳಮಕ್ಕಳ ಕೂತರು. ನಾನು ಕುಂಕುಮದ ನೀರು, ರಟ್ಟಿನ ಚೂರಿ, ಎಲ್ಲವನ್ನೂ ಬಾಗಿಲಿಗೆ ವಿವರಿಸಿದೆ. ಇಪ್ಪತ್ತು ವರ್ಷ ಪಾಠ ಮಾಡಿದ ಬಾಯಿ, ಆದರೂ ಅಗಳಿ ಸರಿಯಲಿಲ್ಲ. ಪದ್ಮಾ ಊಟಕ್ಕೆ ಕರೆದು ಕರೆದು ಸೋತಳು. ಹೊತ್ತು ಮುಳುಗಿತು. ತಾಟಿಗೆ ಮುಚ್ಚಳ ಹಾಕಿ ದೀಪ ಹಾಕಿದಳು.

ಆಗ ಅಗಳಿ ಸರಿಯಿತು. ಶ್ರೇಯಾ ಹೊರಬಂದು, ಹೊಸ್ತಿಲ ಮೇಲಿನ ಪೊಟ್ಟಣದಿಂದ ಒಂದು ತುಂಡು ಕರದಂಟು ಎತ್ತಿ ದೂರದಿಂದಲೇ ಚಾಚಿದಳು.

“ತಿನ್ನು.”

ಕಾಕಾ ಕೈ ನೀಡಿದರು. ಕಿಟಕಿಯ ಕಡೆ ನೋಡಿ ಹಿಂದೆಗೆದರು. ತಿನ್ನದಿದ್ದರೆ ಮಗು ಮತ್ತೆ ಒಳಗೆ ಹೋದೀತೆಂದು ನನಗೆ ಜೀವ ಹೋದಂತಾಯಿತು. ಇದೊಂದು ಸಲ ತಿಂದುಬಿಡಿ ಕಾಕಾ ಎಂದು ಕಣ್ಣಲ್ಲೇ ಬೇಡಿದೆ.

“ಹೊತ್ತ ಮುಳಗೈತಿ, ಬಂಗಾರಾ. ಮುಂಜಾನೆ ತಿಂತೀನಿ.”

“ಒಂದ ತುಣುಕು?”

“ಇಲ್ಲವ್ವಾ.”

ಶ್ರೇಯಾ ತಾಯಿಯ ಕಡೆ ತಿರುಗಿದಳು. “ಮಮ್ಮಿ, ಸಿನಿಮಾದಾಂವ ಕತ್ತಲಾಗ ಭಜಿ ತಿಂದಿದ್ದ. ಇಂವ ತಿನ್ನವಲ್ಲ. ಇಂವ ನನ್ನ ಅಜ್ಜನ!” ಎಂದವಳೇ ಓಡಿಬಂದು ಕಾಕಾನ ಕೊರಳಿಗೆ ಬಿದ್ದಳು. ಪೋರಿ ಹೊತ್ತು ಮುಳುಗಲೆಂದೇ ಒಳಗೆ ಕಾದಿದ್ದಳು! ನನ್ನ ಪತ್ತೇದಾರರಿಬ್ಬರು ಇಡೀ ಸಿನಿಮಾ ಓಡಾಡಿದರೂ ಇಷ್ಟು ಚೊಕ್ಕ ತನಿಖೆ ಮಾಡಿರಲಿಲ್ಲ. ನನಗೆ ನಗುವೂ ಬಂತು, ಅಳುವೂ ಬಂತು.

ಮರುದಿನ ಬೆಳಗ್ಗೆ ನಾನೊಬ್ಬಳೇ ಬಸ್‌ಸ್ಟ್ಯಾಂಡಿಗೆ ಹೊರಟೆ. ಓಣಿಯ ತುದಿಯಲ್ಲಿ ತಿರುಗಿ ನೋಡಿದೆ. ಬಿಸಿಲು ಆಗಷ್ಟೇ ಕಟ್ಟೆಗೆ ಬಂದಿತ್ತು. ಕಾಕಾ ಅಲ್ಲಿ ಬಾಯಿ ತೆರೆದು ಕೂತಿದ್ದರು, ಶ್ರೇಯಾ ರಾತ್ರಿಯ ಅದೇ ತುಂಡನ್ನು ಮುರಿಮುರಿದು ತಿನಿಸುತ್ತಿದ್ದಳು.